ಬೆಲ್ ಇಲ್ಲದ ‘ರೇಡಿಯೋ ಸಿಟಿ’

ಹಳೆಯ ರಾಕ್ ಸಂಗೀತದ ಹುಚ್ಚು ಹತ್ತಿದವರು ನಾಲ್ಕು ಜನ ಸೇರಿದ ಕಡೆ ಬಿಗ್ ಸ್ಟಾರ್ ಹೆಸರು ಬಂದರೆ ಮೊದಲ ಐದು ನಿಮಿಷ ಎಲ್ಲರದೂ ಒಂದೇ ಮಾತು. ಎಂಥ ಬ್ಯಾಂಡು, ಎಂಥ ಅನ್ಯಾಯ! ಆಮೇಲೆ ಯಾರಾದರೊಬ್ಬರು ‘ರೇಡಿಯೋ ಸಿಟಿ’ ಅನ್ನುತ್ತಾರೆ. ಅಲ್ಲಿಗೆ ಒಮ್ಮತ ಮುಗಿಯಿತು. 1974ರಲ್ಲಿ ಹೊರಬಂದ ಈ ಎರಡನೇ ಆಲ್ಬಂ ಬಗ್ಗೆ ಕೇಳುಗರು ಹೇಳುವ ದೂರುಗಳು ನನಗೀಗ ಬಾಯಿಪಾಠವಾಗಿವೆ. ಕ್ರಿಸ್ ಬೆಲ್ ಇಲ್ಲದೆ ಸೊರಗಿದೆ, ಸದ್ದು ತೆಳು, ಕೆಲಸ ಅರೆಬರೆ, ಬೀಟಲ್ಸ್ ನಕಲು, ಒಂದು ಹಾಡು ಬಿಟ್ಟರೆ ಉಳಿದದ್ದು ಭರ್ತಿಗೆ ತುಂಬಿದ್ದು, ಅಷ್ಟು ಚೆನ್ನಾಗಿದ್ದಿದ್ದರೆ ಆಗಲೇ ಖರ್ಚಾಗುತ್ತಿರಲಿಲ್ಲವೇ, ಹೀಗೆ. ಇವುಗಳಲ್ಲಿ ಕೆಲವು ತೂಕದ ಮಾತು, ಕೆಲವು ಬರೀ ಉಡಾಫೆ. ಆದರೆ ಎಲ್ಲದರ ಬೇರೂ ಒಂದೇ ಎಂಬುದು ನನ್ನ ವಾದ. ಈ ಆಲ್ಬಂನಲ್ಲಿ ಏನಿಲ್ಲವೋ ಅದನ್ನೇ ಹುಡುಕುತ್ತ ಕೂತವರಿಗೆ ಇರುವುದು ಕಿವಿಗೆ ಬೀಳುವುದಿಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಬಿಗ್ ಸ್ಟಾರ್ ಅಮೆರಿಕದ ಟೆನ್ನೆಸೀ ರಾಜ್ಯದ ಮೆಂಫಿಸ್ ಊರಿನ ಬ್ಯಾಂಡು, ಹುಟ್ಟಿದ್ದು 1971ರಲ್ಲಿ. ಕ್ರಿಸ್ ಬೆಲ್ ಮತ್ತು ಅಲೆಕ್ಸ್ ಚಿಲ್ಟನ್ ಹಾಡುಗಾರಿಕೆ ಹಾಗೂ ಗಿಟಾರ್, ಆಂಡಿ ಹಮ್ಮೆಲ್ ಬೇಸ್, ಜೋಡಿ ಸ್ಟೀಫನ್ಸ್ ಡ್ರಮ್ಸ್. ಅವರು ರೆಕಾರ್ಡ್ ಮಾಡುತ್ತಿದ್ದ ಆರ್ಡೆಂಟ್ ಸ್ಟುಡಿಯೋದ ಎದುರಿಗೊಂದು ದಿನಸಿ ಸೂಪರ್‌ಮಾರ್ಕೆಟ್ ಇತ್ತು. ಅದರ ಬೋರ್ಡಿನ ಮೇಲಿದ್ದ ಹೆಸರನ್ನೇ ಬ್ಯಾಂಡಿಗೂ ಇಟ್ಟುಕೊಂಡರು. ಚಿಲ್ಟನ್ ಅಷ್ಟು ಹೊತ್ತಿಗಾಗಲೇ ಒಮ್ಮೆ ತಾರೆಯಾಗಿ ಇಳಿದವನು. 1967ರಲ್ಲಿ, ಹದಿನಾರನೇ ವಯಸ್ಸಿಗೆ, ಬಾಕ್ಸ್ ಟಾಪ್ಸ್ ತಂಡಕ್ಕೆ ಅವನು ಹಾಡಿದ ‘ದಿ ಲೆಟರ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತ್ತು. ಬಿಗ್ ಸ್ಟಾರಿನ ಮೊದಲ ಆಲ್ಬಂ ‘ನಂಬರ್ ಒನ್ ರೆಕಾರ್ಡ್’ ಬಂದದ್ದು 1972ರಲ್ಲಿ. ಹೆಸರಿನ ಧೈರ್ಯ ನೋಡಿ. ಆಗ ಹತ್ತು ಸಾವಿರ ಪ್ರತಿಯೂ ಹೋಗಲಿಲ್ಲ. ಆ ವರ್ಷ ಮುಗಿಯುವ ಹೊತ್ತಿಗೆ ಬೆಲ್ ಬ್ಯಾಂಡು ಬಿಟ್ಟ, ಉಳಿದವರೂ ಚದುರಿದರು. 1973ರ ಮೇ ತಿಂಗಳಲ್ಲಿ ಮೆಂಫಿಸ್‌ನಲ್ಲಿ ರಾಕ್ ಬರಹಗಾರರ ಸಮಾವೇಶವೊಂದು ನಡೆಯಿತು. ಅಲ್ಲಿ ಲಫಾಯೆಟ್ಸ್ ಮ್ಯೂಸಿಕ್ ರೂಮ್ ಎಂಬ ಜಾಗದಲ್ಲಿ ಮೂವರೇ ಸೇರಿ ನುಡಿಸಿದರು. ಯಾರ ಹೊಗಳಿಕೆಗೂ ತಲೆದೂಗದ ವಿಮರ್ಶಕರು ಕುಣಿದರು. ಆ ರಾತ್ರಿಯ ಉಮೇದಿನಿಂದಲೇ ಇನ್ನೊಂದು ಆಲ್ಬಂ ಮಾಡುವ ಮನಸ್ಸಾಯಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ರೆಕಾರ್ಡ್ ಆಗಿ ಮುಂದಿನ ಫೆಬ್ರವರಿಯಲ್ಲಿ ಹೊರಬಂದದ್ದು ‘ರೇಡಿಯೋ ಸಿಟಿ’.

ಮೊದಲು ಬೆಲ್ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಎಲ್ಲ ದೂರುಗಳಲ್ಲಿ ಗಟ್ಟಿಯಾದದ್ದು ಇದು. ಮೊದಲ ಆಲ್ಬಂನ ಒಪ್ಪ ಓರಣ, ಪದರದ ಮೇಲೆ ಪದರವಾಗಿ ಕೂತ ದನಿಗಳು, ಅಕೂಸ್ಟಿಕ್ ಗಿಟಾರಿನ ಹೊಳಪು ಇವೆಲ್ಲ ಬೆಲ್ ಕೈಚಳಕ. ಅವನು ಹೋದ ಮೇಲೆ ಉಳಿದದ್ದು ಅರ್ಧ ಬ್ಯಾಂಡು ಎನ್ನುತ್ತಾರೆ. ಇದರ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ‘ನಂಬರ್ ಒನ್ ರೆಕಾರ್ಡ್’ ತಿದ್ದಿ ತೀಡಿದ ಕೆಲಸ, ತಿದ್ದಿದವನು ಮುಖ್ಯವಾಗಿ ಬೆಲ್. ಎರಡನೆಯ ಅರ್ಧ ಮಾತ್ರ ನಿಲ್ಲುವುದಿಲ್ಲ. ಒಂದನೆಯದಾಗಿ, ಬೆಲ್ ಪೂರ್ತಿ ಹೋಗಿರಲೇ ಇಲ್ಲ. ‘ಓ ಮೈ ಸೋಲ್’ ಮತ್ತು ‘ಬ್ಯಾಕ್ ಆಫ್ ಎ ಕಾರ್’ ಹಾಡುಗಳಲ್ಲಿ ಅವನ ಪಾಲೂ ಇದೆ, ಹೆಸರು ಮಾತ್ರ ಅಚ್ಚಾಗಲಿಲ್ಲ. ಅಂದರೆ ಬೆಲ್ ಇಲ್ಲದ್ದರಿಂದಲೇ ಈ ಆಲ್ಬಂ ಕೆಟ್ಟಿತು ಅನ್ನುವವರು ಎಷ್ಟೋ ಸಲ ಬೆಲ್ ಕೈಯಾಡಿಸಿದ ಹಾಡಿನ ಮೇಲೆಯೇ ಬೆರಳಿಟ್ಟು ತೋರಿಸುತ್ತಿರುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಹಮ್ಮೆಲ್ ಕಥೆ. ಮೊದಲ ಆಲ್ಬಂನಲ್ಲಿ ಹಮ್ಮೆಲ್ ಬರೆದ ‘ದಿ ಇಂಡಿಯಾ ಸಾಂಗ್’ ಇದೆ. ನಮ್ಮ ದೇಶದ ಹೆಸರಿದೆ ಎಂದು ನಾವು ಮೆತ್ತಗಾಗಬೇಕಿಲ್ಲ. ದೂರದ ಊರಿನ ಹಗಲುಗನಸು ಅದು, ಮುದ್ದಾಗಿದೆ, ಹಗುರವಾಗಿದೆ, ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ. ಎರಡನೇ ಆಲ್ಬಂಗೆ ಬಂದರೆ ಅದೇ ಹಮ್ಮೆಲ್ ‘ವೇ ಔಟ್ ವೆಸ್ಟ್’ ಬರೆಯುತ್ತಾನೆ. ದೂರ ಹೋದ ಹುಡುಗಿಗೆ ಬರೆದ ಪತ್ರದಂತಿರುವ ಈ ಹಾಡಿನಲ್ಲಿ ಕನಸಿಲ್ಲ, ಸಂಕಟವಿದೆ. ಹಾಡುವವನು ಚಿಲ್ಟನ್ ಅಲ್ಲ, ಡ್ರಮ್ಸ್ ನುಡಿಸುವ ಸ್ಟೀಫನ್ಸ್. ಅವನ ದನಿ ಪಳಗಿದ್ದಲ್ಲ, ಮೇಲಿನ ಸ್ವರಗಳಲ್ಲಿ ಒಂದಿಷ್ಟು ನಡುಗುತ್ತದೆ. ಹಾಡಿಗೆ ಬೇಕಿದ್ದುದೂ ಅದೇ. ಇದಲ್ಲದೆ ಚಿಲ್ಟನ್ ಜೊತೆ ಸೇರಿ ಹಮ್ಮೆಲ್ ಬರೆದ ಇನ್ನೂ ಹಲವು ಹಾಡುಗಳು ಈ ಆಲ್ಬಂನಲ್ಲಿವೆ. ಬೆಲ್–ಚಿಲ್ಟನ್ ಜೋಡಿಯೇ ಬಹುತೇಕ ಹಾಡುಗಳ ಮೇಲೆ ಹೆಸರು ಹಾಕಿಕೊಂಡಿದ್ದ ಕಾಲದಲ್ಲಿ ಇದು ಆಗುವಂತಿರಲಿಲ್ಲ. ಒಬ್ಬ ಹೋದದ್ದರಿಂದ ಇನ್ನೊಬ್ಬನಿಗೆ ಜಾಗ ಸಿಕ್ಕಿತು. ಆ ಜಾಗದಲ್ಲಿ ಅವನು ಏನು ಮಾಡಿದ ಎಂದು ಕೇಳುವ ಬದಲು ಹೋದವನ ಕುರ್ಚಿಯನ್ನೇ ನೋಡುತ್ತ ಕೂತರೆ ಹಮ್ಮೆಲ್‌ಗೆ ಆಗುವ ಅನ್ಯಾಯವೂ ಅನ್ಯಾಯವೇ ಅಲ್ಲವೇ?

ಬೆಲ್ ಎಂದರೆ ನಯ, ಚಿಲ್ಟನ್ ಎಂದರೆ ಒರಟು ಎಂಬ ಪಾಲು ಹಂಚಿಕೆಯನ್ನೂ ನಾನು ಒಪ್ಪುವುದಿಲ್ಲ. ಬ್ಯಾಂಡು ಬಿಟ್ಟ ಮೇಲೆ ಬೆಲ್ ಮಾಡಿದ ‘ಐಯಾಮ್ ದ ಕಾಸ್ಮೋಸ್’ ಕೇಳಿ. 1978ರಲ್ಲಿ ಸಿಂಗಲ್ ಆಗಿ ಬಂದ ಹಾಡು ಅದು. ನಯನಾಜೂಕು ಎಲ್ಲಿದೆ ಅದರಲ್ಲಿ? ಗಿಟಾರುಗಳು ಒಡೆದ ಸದ್ದಿನಲ್ಲಿ ಮೊರೆಯುತ್ತವೆ, ದನಿ ಕಿತ್ತುಬರುವಂತಿದೆ. ಅದರ ಹಿಂಬದಿಯ ‘ಯು ಅಂಡ್ ಯುವರ್ ಸಿಸ್ಟರ್’ ಹಾಡಿನಲ್ಲಿ ಬೆಲ್‌ಗೆ ಜೊತೆದನಿ ಕೊಟ್ಟವನು ಇದೇ ಚಿಲ್ಟನ್, ಅದೂ ಬಲು ಮೃದುವಾಗಿ. ನಯದವನು ಒರಟಾಗಿಯೂ ಒರಟ ನಯವಾಗಿಯೂ ಹಾಡಬಲ್ಲವರಾಗಿದ್ದರು. ಇಬ್ಬರನ್ನೂ ಒಂದೊಂದು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ್ದು ಕೇಳುಗರು.

ಈ ದೂರು ಇಷ್ಟು ಬಲವಾಗಿ ಬೇರೂರಲು ಇನ್ನೊಂದು ಕಾರಣ ಇದೆ ಎಂದು ನನಗನ್ನಿಸುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣೆ. ನಮ್ಮ ತಲೆಮಾರಿನವರಲ್ಲಿ ಹೆಚ್ಚಿನವರಿಗೆ ಈ ಎರಡು ಆಲ್ಬಂಗಳು ಸಿಕ್ಕಿದ್ದು ಜೋಡಿಯಾಗಿ. 1978ರಲ್ಲಿ ಬ್ರಿಟನ್ನಿನಲ್ಲಿ ಇಎಂಐ ಎರಡನ್ನೂ ಸೇರಿಸಿ ಜೋಡಿ ಎಲ್‌ಪಿಯಾಗಿ ತಂದಿತು. ಮುಂದೆ 1992ರಲ್ಲಿ ಎರಡೂ ಒಂದೇ ಸಿಡಿಯಲ್ಲಿ ಬಂದವು. ಸಿಡಿ ಹಾಕಿ ಕೂತವನಿಗೆ ‘ನಂಬರ್ ಒನ್ ರೆಕಾರ್ಡ್’ ಕೊನೆಯ ಭಾಗ ಮೆಲ್ಲಗೆ, ಅಕೂಸ್ಟಿಕ್ ಗಿಟಾರುಗಳ ನಡುವೆ ಮುಗಿಯುತ್ತದೆ. ಮರುಕ್ಷಣವೇ ‘ಓ ಮೈ ಸೋಲ್’ ಗಿಟಾರ್ ಮುಖಕ್ಕೆ ರಾಚುತ್ತದೆ. ಕಿವಿ ಆಗಷ್ಟೇ ಮೆತ್ತಗಾಗಿ ಕೂತಿರುತ್ತದೆ, ಹಾಗಾಗಿ ಬೆಚ್ಚಿಬೀಳುತ್ತದೆ. ಎರಡು ವರ್ಷದ ಅಂತರದಲ್ಲಿ, ಬೇರೆ ಬೇರೆ ಮನಸ್ಥಿತಿಯಲ್ಲಿ ಮಾಡಿದ ಎರಡು ಕೆಲಸಗಳನ್ನು ಒಂದೇ ಉಸಿರಿನಲ್ಲಿ ಕೇಳಿ ಎರಡನೆಯದು ಇಳಿಮುಖ ಅನ್ನುವುದು ಸುಲಭ. ‘ರೇಡಿಯೋ ಸಿಟಿ’ಯನ್ನು ಅದರ ಪಾಡಿಗೆ, ಮೊದಲ ಹಾಡಿನಿಂದ ಶುರುಮಾಡಿ ಕೇಳಿದವರು ಈ ದೂರನ್ನು ಕಡಿಮೆ ಹೇಳುತ್ತಾರೆ ಎಂಬುದು ನಾನು ಕಂಡುಕೊಂಡದ್ದು.

ಇನ್ನು ಸದ್ದು. ‘ತೆಳು, ಚೂಪು, ಕಿವಿಗೆ ಚುಚ್ಚುತ್ತೆ, ಬೇಸ್ ಎಲ್ಲಿದೆ ಮಾರಾಯ?’ ಈ ದೂರು ಬೆಂಗಳೂರಿನ ಗೆಳೆಯರಿಂದಲೇ ಹೆಚ್ಚು ಕೇಳಿದ್ದೇನೆ, ಕಾರಣವೂ ಗೊತ್ತು. ನಮ್ಮೂರಿನ ರಾಕ್ ಕಿವಿ ಬೆಳೆದದ್ದು ಡೀಪ್ ಪರ್ಪಲ್, ಲೆಡ್ ಝೆಪೆಲಿನ್, ಪಿಂಕ್ ಫ್ಲಾಯ್ಡ್‌ಗಳ ಮೇಲೆ, ಆಮೇಲೆ ಐರನ್ ಮೇಡನ್ ಮೇಲೆ. 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ನೆರೆದ ಜನರನ್ನು ನೆನೆಸಿಕೊಂಡರೆ ಸಾಕು. ಆ ಕಿವಿಗೆ ಗಿಟಾರ್ ಅಂದರೆ ಎದೆಯೊಳಗೆ ಗುದ್ದಬೇಕು. ‘ರೇಡಿಯೋ ಸಿಟಿ’ ಗುದ್ದುವುದಿಲ್ಲ, ಮಿಂಚುತ್ತದೆ.

ಆದರೆ ಇದು ಬಡ ಸ್ಟುಡಿಯೋದ ಕೈಲಾಗದ ಕೆಲಸ ಎಂದು ತಿಳಿದವರಿಗೆ ಒಂದು ಸಂಗತಿ ಹೇಳಬೇಕು. ನೀವು ಪೂಜಿಸುವ ‘ಲೆಡ್ ಝೆಪೆಲಿನ್ 3’ ಆಲ್ಬಂನ ಮಿಕ್ಸಿಂಗ್ ನಡೆದದ್ದು ಮೆಂಫಿಸ್‌ನ ಇದೇ ಆರ್ಡೆಂಟ್‌ನಲ್ಲಿ, 1970ರಲ್ಲಿ, ಅಲ್ಲಿನ ಎಂಜಿನಿಯರ್ ಟೆರಿ ಮ್ಯಾನಿಂಗ್ ಕೈಯಲ್ಲಿ. ಅದೇ ಊರಿನ ಸ್ಟ್ಯಾಕ್ಸ್ ಕಂಪನಿಗೆ ತನ್ನ ಸ್ವಂತ ಸ್ಟುಡಿಯೋ ಸಾಲದೇ ಹೋದಾಗ ಕೆಲಸ ಬರುತ್ತಿದ್ದದ್ದೂ ಇಲ್ಲಿಗೇ. ದಪ್ಪ ಸದ್ದು ಮಾಡಲು ಬೇಕಾದ ಯಂತ್ರವೂ ಇತ್ತು, ಕಸುಬೂ ಇತ್ತು. ಆರ್ಡೆಂಟ್ ಕಟ್ಟಿದ ಜಾನ್ ಫ್ರೈ ‘ರೇಡಿಯೋ ಸಿಟಿ’ಯ ಎಂಜಿನಿಯರ್. ಈ ಹುಡುಗರಿಗೆ ಟೇಪು, ಮೈಕು, ಮಿಕ್ಸರು ಕಲಿಸಿದವನೂ ಅವನೇ. ಅವನು ಮಾಡಿದ ಮಿಕ್ಸಿಂಗಿನಲ್ಲಿ ಗಿಟಾರಿನ ಎತ್ತರದ ಸ್ವರಗಳೂ ಸ್ಟೀಫನ್ಸ್‌ನ ಸಿಂಬಲ್‌ಗಳೂ ಮುಂದೆ ಬಂದು ನಿಂತಿವೆ. ಡ್ರಮ್ಸ್ ಸದ್ದನ್ನು ಒತ್ತಿ ಹಿಡಿದು ಮತ್ತೆ ಬಿಟ್ಟಂತೆ ಕೇಳುತ್ತದೆ. ಬೇಸ್ ಇಲ್ಲವೆನ್ನುವವರು ‘ಯು ಗೆಟ್ ವಾಟ್ ಯು ಡಿಸರ್ವ್’ನಲ್ಲಿ ಹಮ್ಮೆಲ್ ಏನು ನುಡಿಸುತ್ತಿದ್ದಾನೆಂದು ಗಮನ ಕೊಡಿ. ಅಡಿಯಲ್ಲಿ ಗುಂಯ್‌ಗುಡುವ ಬದಲು ಅವನ ಬೇಸ್ ಗಿಟಾರಿನ ಪಕ್ಕದಲ್ಲೇ ತಾನೊಂದು ರಾಗ ನುಡಿಸುತ್ತ ನಡೆಯುತ್ತದೆ. ಮೂರೇ ಜನ ನುಡಿಸುವಾಗ ನಡುವೆ ಜಾಗ ಉಳಿಯುತ್ತದೆ. ಅದನ್ನು ತುಂಬಿಬಿಡುವುದು ಸ್ಟುಡಿಯೋದಲ್ಲಿ ಕಷ್ಟವೇನಲ್ಲ, ಇನ್ನು ನಾಲ್ಕು ಗಿಟಾರ್ ಟ್ರ್ಯಾಕ್ ಹೇರಿದರೆ ಆಯಿತು. ಫ್ರೈ ತುಂಬಲಿಲ್ಲ. ಆಗಿನ ಕಾರುಗಳ ರೇಡಿಯೋ ಸ್ಪೀಕರಿನಲ್ಲಿ ಇಂಥ ಸದ್ದು ಹೇಗೆ ಬಾಣದಂತೆ ಹೊರಬಂದೀತು ಎಂದು ಊಹಿಸಿಕೊಂಡರೆ ಈ ಆಯ್ಕೆ ಅರ್ಥವಾಗುತ್ತದೆ. ಆ ರೇಡಿಯೋಗಳಲ್ಲಿ ಇದು ಹೆಚ್ಚು ಬರಲೇ ಇಲ್ಲ ಎನ್ನುವುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಅರೆಬರೆ ಕೆಲಸ ಎಂಬ ಮಾತಿಗೆ ಪೂರ್ತಿ ಹುರುಳಿಲ್ಲ ಅಂತಲ್ಲ. ಬ್ಯಾಂಡು ಮತ್ತೆ ಸೇರುವ ಮುಂಚೆ ಚಿಲ್ಟನ್ ರಾತ್ರಿ ಹೊತ್ತು ಆರ್ಡೆಂಟ್‌ಗೆ ಬಂದು, ಡ್ರಮ್ಸ್‌ಗೆ ರಿಚರ್ಡ್ ರೋಸ್‌ಬ್ರೋ, ಬೇಸ್‌ಗೆ ಡ್ಯಾನಿ ಜೋನ್ಸ್ ಎಂಬವರನ್ನು ಕೂರಿಸಿಕೊಂಡು ಕೆಲವು ಹಾಡು ಮಾಡಿಟ್ಟಿದ್ದ. ‘ಮಾಡ್ ಲ್ಯಾಂಗ್’, ‘ಶೀಸ್ ಎ ಮೂವರ್’ ಅಲ್ಲಿಂದ ಬಂದವು. ಅವುಗಳ ಕುಲ ಬೇರೆ ಎಂಬುದು ಕೇಳಿದರೇ ತಿಳಿಯುತ್ತದೆ. ‘ಮಾಡ್ ಲ್ಯಾಂಗ್’ ಪರವಾಗಿ ನಾನು ವಕಾಲತ್ತು ಹಾಕುವುದಿಲ್ಲ. ಮೋಜಿಗೆ ನುಡಿಸಿದ ಹಾಡು, ಮೋಜು ನುಡಿಸಿದವರಿಗೇ ಹೆಚ್ಚು ಆದಂತಿದೆ. ‘ಶೀಸ್ ಎ ಮೂವರ್’ ಪರವಾಗಿ ಹಾಕುತ್ತೇನೆ, ಆದರೆ ಫೀಸು ಕಡಿಮೆ ತೆಗೆದುಕೊಳ್ಳುತ್ತೇನೆ.

ಅಲ್ಲಿಂದ ನೆಗೆದು ಇಡೀ ಆಲ್ಬಂ ಕುಡಿದ ಅಮಲಿನಲ್ಲಿ ಒದರಿದ್ದು ಎನ್ನುವವರು ‘ಓ ಮೈ ಸೋಲ್’ ಇನ್ನೊಮ್ಮೆ ಕೇಳಲಿ. ಐದೂವರೆ ನಿಮಿಷ ದಾಟಿದ ಹಾಡು. ಎಷ್ಟು ಕಡೆ ಅದು ಗಕ್ಕನೆ ನಿಲ್ಲುತ್ತದೆ, ಎಷ್ಟು ಕಡೆ ಅರ್ಧ ಮಾತ್ರೆ ತಡೆದು ಮತ್ತೆ ಹೊರಡುತ್ತದೆ ನೋಡಿ. ಚಿಲ್ಟನ್ ಒಂದೇ ಗಿಟಾರಿನಲ್ಲಿ ಲಯವನ್ನೂ ಹಿಡಿದು, ನಡುನಡುವೆ ಸೋಲೋ ಕೂಡ ನುಸುಳಿಸುತ್ತಾನೆ. ಈಗ ಬಿದ್ದ, ಈಗ ಬಿದ್ದ ಅನ್ನಿಸುವ ಹೊತ್ತಿಗೆ ಸ್ಟೀಫನ್ಸ್ ಸರಿಯಾಗಿ ಅದೇ ಪೆಟ್ಟಿನ ಮೇಲೆ ಬಂದು ಅವನನ್ನು ಹಿಡಿಯುತ್ತಾನೆ. ಇದು ಅಭ್ಯಾಸವಿಲ್ಲದವರ ಕೈಯಲ್ಲಿ ಆಗುವ ಕೆಲಸವಲ್ಲ. ತೂರಾಡುವವನ ಪಾತ್ರ ಮಾಡುವ ನಟ ನಿಜಕ್ಕೂ ತೂರಾಡಿದರೆ ರಂಗದಿಂದ ಕೆಳಗೆ ಬೀಳುತ್ತಾನೆ, ಈ ಹಾಡು ಒಮ್ಮೆಯೂ ಬೀಳುವುದಿಲ್ಲ.

ಚಿಲ್ಟನ್ ದನಿಯ ಮೇಲಿನ ದೂರೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ‘ಕೀರಲು, ತೆಳು, ಹಾಡಲಾರದವನ ದನಿ.’ ಹದಿನಾರರ ವಯಸ್ಸಿನಲ್ಲಿ ಅವನು ಹಾಡಿದ ‘ದಿ ಲೆಟರ್’ ಕೇಳಿದವರು ಈ ಮಾತಾಡಲಾರರು. ನಲವತ್ತು ದಾಟಿದ ಗಂಡಸಿನ ದನಿ ಅದು, ಗಂಟಲಲ್ಲಿ ಮರಳು ತುಂಬಿದಂತೆ ಒರಟು, ತುಂಬು. ನಿರ್ಮಾಪಕರು ಹಾಗೆ ಹಾಡು ಎಂದರು, ಹುಡುಗ ಹಾಗೇ ಹಾಡಿದ. ದಪ್ಪ ದನಿ ಬೇಕೆಂದರೆ ಅವನ ಬಳಿ ಇತ್ತು. ಇಪ್ಪತ್ತೆರಡರಲ್ಲಿ ಅದನ್ನು ಬದಿಗಿಟ್ಟು ತನ್ನ ವಯಸ್ಸಿನ, ಕೆಲವೊಮ್ಮೆ ವಯಸ್ಸಿಗಿಂತ ಚಿಕ್ಕವನ, ತೆರೆದ ಗಂಟಲಿನ ದನಿಯಲ್ಲಿ ಹಾಡಿದ. ಯಾರದೋ ಹೇಳಿಕೆಗೆ ಹಾಡುವುದನ್ನು ಬಿಟ್ಟವನ ದನಿ ಇದು. ಒರಟು ದನಿ ಕಳೆದುಕೊಂಡ ಎಂದು ಮರುಗುವವರು ಮತ್ತೆ ಇಲ್ಲದ್ದನ್ನೇ ಹುಡುಕುತ್ತಿದ್ದಾರೆ.

ಈಗ ಮಾರಾಟದ ಲೆಕ್ಕ. ‘ಇಷ್ಟು ದೊಡ್ಡ ಆಲ್ಬಂ ಆಗಿದ್ದರೆ ಆಗಿನ ಜನರಿಗೇ ಗೊತ್ತಾಗುತ್ತಿತ್ತು. ಜನ ಕೇಳಿದರು, ಬೇಡವೆಂದರು, ಅಷ್ಟೇ.’ ಇದನ್ನು ಹೇಳುವವರು ದೊಡ್ಡ ವಾಸ್ತವವಾದಿಗಳಂತೆ ಹೇಳುತ್ತಾರೆ, ಅದಕ್ಕೇ ನನಗೆ ಸಿಟ್ಟು ಬರುವುದು. ಜನ ಬೇಡವೆನ್ನಲಿಲ್ಲ. ಜನರ ಮುಂದೆ ಇಟ್ಟವರೇ ಇಲ್ಲ.

ಆದದ್ದು ಇಷ್ಟು. ಆರ್ಡೆಂಟ್ ರೆಕಾರ್ಡ್ಸ್ ಚಿಕ್ಕ ಸಂಸ್ಥೆ. ಅದರ ಆಲ್ಬಂಗಳು ಸ್ಟ್ಯಾಕ್ಸ್ ಮೂಲಕ ಹೊರಹೋಗಬೇಕು. ಸ್ಟ್ಯಾಕ್ಸ್ ಕಪ್ಪು ಜನರ ಸೋಲ್ ಸಂಗೀತದ ದೊಡ್ಡ ಮನೆ. ಬಿಳಿ ಹುಡುಗರ ಗಿಟಾರ್ ಬ್ಯಾಂಡನ್ನು ಯಾವ ಅಂಗಡಿಗೆ, ಯಾವ ರೇಡಿಯೋ ಕೇಂದ್ರಕ್ಕೆ ಒಯ್ಯಬೇಕೆಂಬುದು ಅದರ ಮಾರಾಟ ವಿಭಾಗಕ್ಕೆ ರೂಢಿಯಿಲ್ಲದ ವಿಷಯ. 1972ರಲ್ಲಿ ಸ್ಟ್ಯಾಕ್ಸ್ ತನ್ನ ವಿತರಣೆಯನ್ನು ದೈತ್ಯ ಕಂಪನಿ ಕೊಲಂಬಿಯಾಕ್ಕೆ ಒಪ್ಪಿಸಿತು. ಆ ಒಪ್ಪಂದ ಕುದುರಿಸಿದ್ದು ಕೊಲಂಬಿಯಾದ ಮುಖ್ಯಸ್ಥ ಕ್ಲೈವ್ ಡೇವಿಸ್. 1973ರ ಮೇ ತಿಂಗಳಲ್ಲಿ, ಅಂದರೆ ಮೆಂಫಿಸ್‌ನಲ್ಲಿ ವಿಮರ್ಶಕರು ಕುಣಿದ ತಿಂಗಳಲ್ಲೇ, ಕಂಪನಿ ಡೇವಿಸ್‌ನನ್ನು ಮನೆಗೆ ಕಳಿಸಿತು. ಅವನ ನಂತರ ಬಂದವರಿಗೆ ಸ್ಟ್ಯಾಕ್ಸ್ ಮೇಲೆ ಆಸಕ್ತಿಯಿರಲಿಲ್ಲ. ಎರಡೂ ಕಂಪನಿಗಳ ನಡುವೆ ಮುನಿಸು ಬೆಳೆದು ಕೋರ್ಟಿನವರೆಗೆ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ‘ರೇಡಿಯೋ ಸಿಟಿ’ ಆ ಕೂಸು. ಹೊರಬಂದ ಆಲ್ಬಂ ಅಂಗಡಿಗಳಿಗೆ ಸರಿಯಾಗಿ ತಲುಪಲೇ ಇಲ್ಲ. ವಿಮರ್ಶೆ ಓದಿ ಕೊಳ್ಳಲು ಹೋದವನಿಗೆ ಸಿಗುತ್ತಿರಲಿಲ್ಲ. ಆಗ ಹೋದದ್ದು ಸುಮಾರು 20,000 ಪ್ರತಿ. ಮೊದಲ ಆಲ್ಬಂಗಿಂತ ಇದು ಹೆಚ್ಚು ಎಂಬುದನ್ನು ‘ಇಳಿಮುಖ’ದ ವಾದದವರು ಗಮನಿಸಬೇಕು. 1975ರ ಡಿಸೆಂಬರಿನಲ್ಲಿ ಸ್ಟ್ಯಾಕ್ಸ್ ದಿವಾಳಿ ಎದ್ದಿತು. ಜಿಮ್ ಡಿಕಿನ್ಸನ್ ನಿರ್ಮಾಣದಲ್ಲಿ 1974ರಲ್ಲಿ ರೆಕಾರ್ಡ್ ಆದ ಮೂರನೇ ಆಲ್ಬಂ 1978ರವರೆಗೆ ಬೆಳಕನ್ನೇ ಕಾಣಲಿಲ್ಲ.

ಕೇಳಿದವರು ಏನೆಂದರು? ವಿಮರ್ಶಕರಲ್ಲಿ ಬಹಳ ಕಟುವೆಂದು ಹೆಸರಾದ ರಾಬರ್ಟ್ ಕ್ರಿಸ್ಟ್‌ಗೌ ಇದಕ್ಕೆ ‘ಎ’ ದರ್ಜೆ ಕೊಟ್ಟಿದ್ದ. ಪ್ರೇಕ್ಷಕರು ತಿರಸ್ಕರಿಸಿದ ಸಿನಿಮಾ ಬೇರೆ, ಚಿತ್ರಮಂದಿರವೇ ಸಿಗದ ಸಿನಿಮಾ ಬೇರೆ. ಎರಡಕ್ಕೂ ಒಂದೇ ಗಲ್ಲಾಪೆಟ್ಟಿಗೆ ಲೆಕ್ಕ ತೋರಿಸುವುದು ನ್ಯಾಯವಲ್ಲ.

ಬೀಟಲ್ಸ್ ನಕಲು ಎಂಬುದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಬೀಟಲ್ಸ್, ಕಿಂಕ್ಸ್, ಬರ್ಡ್ಸ್, ದ ಹೂ ಎಲ್ಲರನ್ನೂ ಈ ಹುಡುಗರು ಕೇಳಿ ಬೆಳೆದವರು, ಮುಚ್ಚಿಡಲೂ ಇಲ್ಲ. ಆದರೆ ‘ಓ ಮೈ ಸೋಲ್’ನ ಆ ಕತ್ತರಿಸುವ ಗಿಟಾರ್ ಲಿವರ್‌ಪೂಲ್‌ನದಲ್ಲ. ಸ್ಟ್ಯಾಕ್ಸ್ ರೆಕಾರ್ಡುಗಳಲ್ಲಿ ಸ್ಟೀವ್ ಕ್ರಾಪರ್ ನುಡಿಸುತ್ತಿದ್ದ ಮೆಂಫಿಸ್ ಶೈಲಿಯ ಸೊಸೆ ಅದು. ಇಂಗ್ಲಿಷ್ ರಾಗ, ಮೆಂಫಿಸ್ ನಡಿಗೆ, ಈ ಬೆರಕೆ ಬೀಟಲ್ಸ್‌ನಲ್ಲಿ ಸಿಗುವುದಿಲ್ಲ. ನಕಲು ಮಾಡಿ ಕಾಸು ಮಾಡುವ ಉದ್ದೇಶವಿದ್ದವರು 1973ರಲ್ಲಿ ಯಾರನ್ನು ನಕಲು ಮಾಡಬೇಕಿತ್ತು ಹೇಳಿ? ಅದು ‘ಡಾರ್ಕ್ ಸೈಡ್ ಆಫ್ ದ ಮೂನ್’ ಬಂದ ವರ್ಷ. ಯೆಸ್ ತಂಡ ನಾಲ್ಕೇ ಹಾಡಿನಲ್ಲಿ ಎರಡು ಎಲ್‌ಪಿ ತುಂಬಿಸಿದ್ದೂ ಅದೇ ವರ್ಷದ ಕೊನೆಗೆ. ಆಗ ಮೂರು ನಿಮಿಷದ ಗಿಟಾರ್ ಹಾಡು ಬರೆಯುವುದು ಹಳತಾಗಿ ಹೋದ ಅಂಗಿ ತೊಟ್ಟು ಮದುವೆಗೆ ಹೋದಂತಿತ್ತು. ಈ ಮೂವರು ಹೋದರು.

‘ಸೆಪ್ಟೆಂಬರ್ ಗರ್ಲ್ಸ್’ ಒಂದೇ ಹಾಡು, ಉಳಿದದ್ದು ಭರ್ತಿ ಎಂಬ ದೂರು ಹಾಡನ್ನು ಹೊಗಳುತ್ತಲೇ ಆಲ್ಬಂ ತುಳಿಯುವ ಜಾಣತನ. ಹಾಡಿನ ದೊಡ್ಡತನದಲ್ಲಿ ಜಗಳವಿಲ್ಲ. ಮೂರು ನಿಮಿಷಕ್ಕೂ ಕಡಿಮೆಯಲ್ಲಿ ಬಂದು ಹೋಗುವ ಆ ಗಿಟಾರಿನ ಮಿನುಗು, ಅದರ ಕೆಳಗೆ ಸ್ಟೀಫನ್ಸ್‌ನ ಡ್ರಮ್ಸ್, ನಗುತ್ತಿದೆಯೋ ಅಳುತ್ತಿದೆಯೋ ತಿಳಿಯದ ಆ ದನಿ! 1986ರಲ್ಲಿ ಬ್ಯಾಂಗಲ್ಸ್ ಇದನ್ನು ಮತ್ತೆ ಹಾಡಿದ ಮೇಲೆ ಇದೊಂದೇ ಹಾಡು ಲಕ್ಷಾಂತರ ಜನರ ಕಿವಿಗೆ ಬಿತ್ತು, ಉಳಿದ ಹನ್ನೊಂದು ಅಲ್ಲೇ ಉಳಿದವು. ಹೆಚ್ಚು ಕೇಳಿಬಂದದ್ದೇ ಹೆಚ್ಚು ಒಳ್ಳೆಯದು ಎಂದುಕೊಂಡರೆ ಮಾರಾಟದ ದೂರಿನ ತಪ್ಪನ್ನೇ ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟಂತೆ.

‘ಬ್ಯಾಕ್ ಆಫ್ ಎ ಕಾರ್’ ಕೇಳಿ. ಹರೆಯದ ಇಬ್ಬರು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ, ಹಾಡು ಜೋರಾಗಿದೆ, ಹೇಳಬೇಕಾದ್ದು ಹೇಳಲಾಗುತ್ತಿಲ್ಲ. ವಿಷಯ ಅಷ್ಟೇ. ಆ ಗೊಂದಲವನ್ನು ಮಾತಿಗಿಂತ ಹೆಚ್ಚಾಗಿ ಡ್ರಮ್ಸ್ ಹೇಳುತ್ತದೆ. ಸ್ಟೀಫನ್ಸ್ ಒಂದು ಕಡೆ ನೆಟ್ಟಗೆ ಕೂರುವುದಿಲ್ಲ, ಪ್ರತಿ ಸಾಲಿನ ಕೊನೆಗೂ ಉರುಳಿ ಬೀಳುತ್ತಾನೆ. ‘ಲೈಫ್ ಈಸ್ ವೈಟ್’ನಲ್ಲಿ ಹಾರ್ಮೋನಿಕಾ ಬೇಕೆಂದೇ ಕರಕರೆ ಹುಟ್ಟಿಸುತ್ತದೆ. ಅದು ಪ್ರೀತಿ ಹಳಸಿದ ಹಾಡು, ಸಿಹಿಯಾಗಿದ್ದರೆ ಸುಳ್ಳಾಗುತ್ತಿತ್ತು.

ಕೊನೆಯ ಎರಡು ಹಾಡುಗಳನ್ನು ತುಣುಕುಗಳೆಂದು ತಳ್ಳಿಹಾಕುವವರಿದ್ದಾರೆ. ‘ಮಾರ್ಫಾ ಟೂ’, ‘ಐಯಾಮ್ ಇನ್ ಲವ್ ವಿತ್ ಎ ಗರ್ಲ್’, ಎರಡೂ ಎರಡು ನಿಮಿಷ ಮುಟ್ಟುವುದಿಲ್ಲ. ಒಂದರಲ್ಲಿ ಪಿಯಾನೋ, ಇನ್ನೊಂದರಲ್ಲಿ ಒಂದೇ ಅಕೂಸ್ಟಿಕ್ ಗಿಟಾರ್, ಜೊತೆಗೆ ಚಿಲ್ಟನ್ ದನಿ. ಇವು ಮುಗಿಯದ ಹಾಡುಗಳಲ್ಲ. ಹೇಳಬೇಕಾದ್ದು ಹೇಳಿ ಮುಗಿಸಿ ಎದ್ದು ಹೋದ ಹಾಡುಗಳು. ‘ಸೆಪ್ಟೆಂಬರ್ ಗರ್ಲ್ಸ್’ ಆದ ಮೇಲೆ ಅದಕ್ಕಿಂತ ದೊಡ್ಡದನ್ನು ತಂದು ಮುಕ್ತಾಯ ಮಾಡುವ ಆಸೆ ಯಾವ ಬ್ಯಾಂಡಿಗೂ ಬರುತ್ತದೆ. ಇವರು ಒಂದೊಂದೇ ವಾದ್ಯ ಕೆಳಗಿಟ್ಟರು.

ಇಷ್ಟು ಹೊತ್ತು ವಿರೋಧಿಗಳ ಮಾತಾಯಿತು. ನನ್ನ ಪಕ್ಷದವರಿಗೂ ಎರಡು ಮಾತು ಹೇಳದಿದ್ದರೆ ಈ ಉತ್ತರ ಏಕಪಕ್ಷೀಯವಾಗುತ್ತದೆ. ‘ಇದೆಲ್ಲ ವಿಮರ್ಶಕರು ಊದಿದ ಬಲೂನು’ ಎಂದು ವಿರೋಧಿಗಳು ಹೇಳುವುದಕ್ಕೆ ಅರ್ಧ ಕಾರಣ ಅಭಿಮಾನಿಗಳೇ. 1987ರಲ್ಲಿ ರಿಪ್ಲೇಸ್‌ಮೆಂಟ್ಸ್ ತಂಡ ಚಿಲ್ಟನ್ ಹೆಸರಿನಲ್ಲೇ ಒಂದು ಹಾಡು ಮಾಡಿದ ಮೇಲೆ, 2003ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ ಪಟ್ಟಿಗೆ ಬಿಗ್ ಸ್ಟಾರ್ ಸೇರಿದ ಮೇಲೆ, ‘ಯಾರೂ ಕೇಳದ ಮಹಾಕೃತಿ’ ಎಂಬ ಪಲ್ಲವಿ ಇನ್ನೂ ಹಾಡುವುದು ಸ್ವಲ್ಪ ಅತಿಯೇ. ಅದಕ್ಕಿಂತ ನನಗೆ ಹಿಡಿಸದ್ದು ಸಾವಿನ ಲೆಕ್ಕ. ಬೆಲ್ 1978ರ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ಇಪ್ಪತ್ತೇಳಕ್ಕೇ ಹೋದ. ಚಿಲ್ಟನ್ 2010ರ ಮಾರ್ಚಿನಲ್ಲಿ, ಅದೇ ವರ್ಷ ಜುಲೈನಲ್ಲಿ ಹಮ್ಮೆಲ್. ಇದನ್ನೆಲ್ಲ ಮೊದಲು ಹೇಳಿ, ಕೇಳುವವನ ಗಂಟಲು ಕಟ್ಟಿಸಿ, ಆಮೇಲೆ ಆಲ್ಬಂ ಹಾಕುವವರಿದ್ದಾರೆ. ‘ರೇಡಿಯೋ ಸಿಟಿ’ ಮಾಡುವಾಗ ಇವರು ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು. ಈ ಆಲ್ಬಂನಲ್ಲಿ ಕುಚೋದ್ಯವಿದೆ, ಮತ್ಸರವಿದೆ, ಹುಡುಗಿಯರ ಮೇಲೆ ಸಿಟ್ಟಿದೆ, ಆ ಸಿಟ್ಟಿನ ಬಗ್ಗೆ ನಾಚಿಕೆಯೂ ಇದೆ. ಶೋಕಗೀತೆ ಇಲ್ಲ.

ಹೊದಿಕೆಯ ಚಿತ್ರದ ಮೇಲೂ ಇದೇ ಶೋಕ ಹೇರುತ್ತಾರೆ. ಕೆಂಪು ಬಣ್ಣದ ಒಳಮಾಡು, ನಡುವೆ ಬರಿಯ ಬಲ್ಬು, ಅದರಿಂದ ಹೊರಟ ಬಿಳಿ ವೈರುಗಳು. ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ವಿಲಿಯಂ ಎಗಲ್‌ಸ್ಟನ್ ತೆಗೆದ ಫೋಟೋ. ಅಪಶಕುನದಂತಿದೆ, ಒಪ್ಪಿದೆ. ಆದರೆ ಹಿಂಬದಿ ತಿರುಗಿಸಿದರೆ ಅದೇ ಎಗಲ್‌ಸ್ಟನ್ ತೆಗೆದ ಇನ್ನೊಂದು ಚಿತ್ರವಿದೆ. ಮೆಂಫಿಸ್‌ನ ಓವರ್ಟನ್ ಸ್ಕ್ವೇರ್‌ನ ಬಾರೊಂದರಲ್ಲಿ ರಾತ್ರಿ ಹೊತ್ತು ಮೂವರೂ ಮಜಾ ಮಾಡುತ್ತಿದ್ದಾರೆ. ಎರಡೂ ಬದಿ ನೋಡಬೇಕು. (ಅಂದಹಾಗೆ 1976ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಗಲ್‌ಸ್ಟನ್ ತನ್ನ ಬಣ್ಣದ ಚಿತ್ರಗಳನ್ನಿಟ್ಟಾಗ ಅದೆಲ್ಲ ನೀರಸ ಎಂದು ಅಲ್ಲಿನ ದೊಡ್ಡ ವಿಮರ್ಶಕರೇ ಮೂಗು ಮುರಿದರು. ಇಂದು ಅವನಿಲ್ಲದೆ ಬಣ್ಣದ ಛಾಯಾಗ್ರಹಣದ ಇತಿಹಾಸ ಬರೆಯುವವರಿಲ್ಲ.)

ಇನ್ನೊಂದು ಹಾಡಿದೆ, ‘ಡೇಝಿ ಗ್ಲೇಝ್’. ವಿರೋಧಿಗಳು ಯಾರೂ ಇದರ ಹೆಸರೆತ್ತುವುದಿಲ್ಲ, ನನಗದು ಅನುಮಾನ. ಹಾಡು ಶುರುವಾಗುವುದು ಮಂಕು ಕವಿದ ನಿಧಾನದಲ್ಲಿ. ದನಿ ಸೋತಿದೆ, ಗಿಟಾರ್ ಒಂದೊಂದೇ ಸ್ವರ ಉದುರಿಸುತ್ತದೆ, ಮುಗಿದೇಹೋಯಿತು ಅನ್ನುವಷ್ಟರಲ್ಲಿ ಸ್ಟೀಫನ್ಸ್ ಪೆಟ್ಟು ಹಾಕುತ್ತಾನೆ, ಅದೇ ಹಾಡು ಎದ್ದು ಓಡತೊಡಗುತ್ತದೆ. ದುಃಖ ರೋಷವಾಗುವ ಗಳಿಗೆಯನ್ನು ಇಷ್ಟು ಸ್ವಲ್ಪ ಸಾಮಾನಿನಲ್ಲಿ ಇಷ್ಟು ಕರಾರುವಾಕ್ಕಾಗಿ ಹಿಡಿದ ಇನ್ನೊಂದು ರಾಕ್ ಹಾಡು ನನಗೆ ಗೊತ್ತಿಲ್ಲ. ಮೂವರೂ ಸೇರಿ ಬರೆದದ್ದು, ಮೂವರೇ ನುಡಿಸಿದ್ದು. ಇಲ್ಲಿ ಬೆಲ್ ಎಲ್ಲಿ ಕೂರಬೇಕಿತ್ತು, ಬೇಸ್ ಎಷ್ಟು ಏರಿಸಬೇಕಿತ್ತು, ಬೀಟಲ್ಸ್‌ನ ಯಾವ ಹಾಡಿನ ನಕಲು ಇದು, ಯಾರಾದರೂ ಬೆರಳಿಟ್ಟು ತೋರಿಸಲಿ. ತೋರಿಸಿದ ದಿನ ‘ಮಾಡ್ ಲ್ಯಾಂಗ್’ ಜೊತೆಗೆ ‘ಶೀಸ್ ಎ ಮೂವರ್’ ಕೂಡ ಅವರಿಗೇ ಬಿಟ್ಟುಕೊಡುತ್ತೇನೆ.